ನಡುನೀರು ಆಚೆ ದಡದವರದು

ಯಾರೋ ಹಿಂದಿನಿಂದ ಬಂದು ಸೊಂಟದ ಬೆಲ್ಟಿಗೆ ಕೈ ಹಾಕಿ ಎಳೆದಾಗ ಸೈಮಿಗೆ ಕೂಗಲೂ ಆಗಲಿಲ್ಲ.

ಹೆಪ್ಪುಗಟ್ಟಿದ ನದಿಯ ಹಿಮದ ಮೇಲೆ ಅಂಗಾತ ಬಿದ್ದಳು. ಮೇಲೆ ಬಿಳಿಚಿದ ಆಕಾಶ. ಆಕಾಶಕ್ಕೆ ಅಡ್ಡವಾಗಿ ಒಬ್ಬ ಗಂಡಸಿನ ಮುಖ. ಅವನ ಹುಬ್ಬು, ರೆಪ್ಪೆಗಳ ಮೇಲೆಲ್ಲ ಉಸಿರಿನ ಆವಿ ಹೆಪ್ಪುಗಟ್ಟಿತ್ತು.

"ಯಾರ್ರೀ ನೀವು? ಹೀಗಾ ಎಳೆಯೋದು?"

"ಬೈಯೋದನ್ನ ಆಮೇಲೆ ಬೈರಿ. ಮೊದ್ಲು ಅಲ್ಲಿ ನೋಡಿ."

ಸೈಮಿ ತಲೆ ಹೊರಳಿಸಿದಳು. ಅವಳು ಮುಂದಿನ ಹೆಜ್ಜೆ ಇಡಬೇಕಿದ್ದ ಜಾಗದಲ್ಲಿ ಹಿಮ ಬೂದಿಯ ಬಣ್ಣಕ್ಕೆ ತಿರುಗಿತ್ತು. ನೋಡುನೋಡುತ್ತಿದ್ದಂತೆ ಅದರೊಳಗಿಂದ ಕಪ್ಪು ನೀರು ಸದ್ದಿಲ್ಲದೆ ಉಕ್ಕಿ ಬಂತು. ಕೊಳೆತ ಹಣ್ಣಿನ ಸಿಪ್ಪೆಯ ಹಾಗೆ ಮಂಜುಗಡ್ಡೆ ಮೆತ್ತಗೆ ಒಳಗೆ ಕುಸಿಯಿತು.

ಸೈಮಿ ಮೊಣಕೈ ಊರಿ ಹಿಂದೆ ಸರಿದಳು.

"ಕರೆದೆ," ಎಂದನವನು, ಏದುಸಿರು ಬಿಡುತ್ತ. "ಗಂಟಲು ಹರಿಯೋ ಹಾಗೆ ಕರೆದೆ. ಗಾಳಿ ಎದುರಿಗಿತ್ತು. ಇದರಲ್ಲೂ ಕರೆದೆ." ಎದೆಯ ಮೇಲಿದ್ದ ರೇಡಿಯೊವನ್ನು ತಟ್ಟಿ ತೋರಿಸಿದ.

"ನನ್ನ ರೇಡಿಯೊದಲ್ಲಿ ಏನೂ ಬರ್ಲಿಲ್ಲ..."

"ಹೇಗೆ ಬರುತ್ತೆ? ನಿಮ್ಮದು ಆ ದಡದ್ದು, ನಮ್ಮದು ಈ ದಡದ್ದು."

ಇಬ್ಬರೂ ತಮ್ಮ ತಮ್ಮ ಎದೆಯ ಮೇಲಿನ ಪೆಟ್ಟಿಗೆಯನ್ನು ನೋಡಿಕೊಂಡರು. ತೋಳಳತೆಯ ದೂರದಲ್ಲಿದ್ದ ಎರಡು ರೇಡಿಯೊಗಳು. ಎರಡೂ ಜೀವ ಉಳಿಸಲೆಂದೇ ಮಾಡಿದವು. ಎರಡೂ ಒಂದಕ್ಕೊಂದು ಕಿವುಡು.

"ನಿಮ್ಮದು ಯಾವ ದೇವರಿಗೆ ಪ್ರಾರ್ಥನೆ ಮಾಡುತ್ತೋ," ಎಂದು ಅವನು ನಕ್ಕ. ಸೈಮಿಗೂ ನಗು ಬಂತು. ನಗುತ್ತಿದ್ದಂತೆಯೇ ಕಣ್ಣಿನಿಂದ ನೀರಿಳಿಯಿತು. ಅದು ಕೆನ್ನೆಯ ಮೇಲೇ ಗಟ್ಟಿಯಾಯಿತು.

ನಮ್ಮ ತೋರ್ನಿಯೊ ನದಿ ಹೀಗೆ. ಪೂರ್ವ ದಡ ಫಿನ್‌ಲೆಂಡಿನದು, ಪಶ್ಚಿಮ ದಡ ಸ್ವೀಡನ್ನಿನದು. ನದಿಯನ್ನು ದೇವರು ಮಾಡಿದ, ನಡುವಿನ ಗೆರೆಯನ್ನು ಮನುಷ್ಯರು ಎಳೆದರು. ಎರಡೂ ದಡದಲ್ಲಿ ಆಡುವ ನುಡಿ ಒಂದೇ. ಭಾನುವಾರ ಹಾಡುವ ಕೀರ್ತನೆಯೂ ಒಂದೇ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಮಕ್ಕಳು ಆಚೆ ದಡದ ಅಜ್ಜಿಯ ಮನೆಗೆ ಜಾರುಬಂಡಿಯಲ್ಲೇ ಹೋಗಿಬರುತ್ತಾರೆ. ಆದರೆ ಗಡ್ಡೆ ಒಡೆದು ಯಾರಾದರೂ ನೀರಿಗೆ ಬಿದ್ದರೆ, ಎರಡು ದಡದಿಂದ ಓಡಿ ಬಂದ ರಕ್ಷಕರು ಒಬ್ಬರಿಗೊಬ್ಬರು ಕೈಬೀಸಿಕೊಂಡು ಮಾತಾಡಬೇಕಿತ್ತು.

ಸೈಮಿಯ ತಾಯಿ ಹೋದದ್ದು ಹಾಗೆಯೇ. ಪಶ್ಚಿಮದವರು ಆಕೆಯನ್ನು ಕಂಡಿದ್ದರು. ಪೂರ್ವದವರ ಬಳಿ ದೋಣಿ ಇತ್ತು. ಕಂಡವರ ಮಾತು ದೋಣಿ ಇದ್ದವರಿಗೆ ತಲುಪಲಿಲ್ಲ. ಆಗ ಸೈಮಿ ಇನ್ನೂ ಶಾಲೆಗೆ ಹೋಗುತ್ತಿದ್ದಳು.

ಅವಳು ಪೂರ್ವ ದಡದ ಅಗ್ನಿಶಾಮಕ ಠಾಣೆಯಲ್ಲಿ ರೇಡಿಯೊ ಕೆಲಸವನ್ನೇ ಹಿಡಿದದ್ದು ಅದಕ್ಕೆ. ಈ ನದಿಯ ಮೇಲೆ ಇನ್ನೊಂದು ಕೂಗು ಕೇಳದೆ ಹೋಗಬಾರದು. ಅವಳಿಗಿದ್ದ ಹರಕೆ ಅದೊಂದೇ.

ಅವನ ಹೆಸರು ಹೆನ್ನಿಂಗ್. ಪಶ್ಚಿಮ ದಡದ ರಕ್ಷಣಾ ಪಡೆಯಲ್ಲಿ ಅವಳಂತೆಯೇ ರೇಡಿಯೊ ಕೆಲಸ. ಅಂದು ಇಬ್ಬರೂ ಮಂಜುಗಡ್ಡೆಯ ಮೇಲೆ ಬಂದಿದ್ದದ್ದು ಎರಡು ದಡದ ಜಂಟಿ ಕವಾಯತಿಗೆ.

"ಬಿದ್ದೋರನ್ನ ಎತ್ತೋ ಕವಾಯತು," ಎಂದು ಅವನು ಅವಳನ್ನು ಎಬ್ಬಿಸಿ ನಿಲ್ಲಿಸುತ್ತ ಹೇಳಿದ. "ನಾವು ಸ್ವಲ್ಪ ಬೇಗ ಶುರು ಮಾಡಿದ್ವಿ, ಅಷ್ಟೇ."

*

ಅದೇ ವರ್ಷ ಎರಡೂ ಸರ್ಕಾರಗಳು ಒಂದು ಮಾತಿಗೆ ಬಂದವು. ಪೊಲೀಸರಿಗೆ, ಅಗ್ನಿಶಾಮಕರಿಗೆ, ಆಂಬುಲೆನ್ಸಿನವರಿಗೆ ಎರಡೂ ದಡದಲ್ಲಿ ಒಂದೇ ತರಂಗಾಂತರ. ಆಚೆಯ ಸಾಧನ ಈಚೆಗೆ ಬಂದರೆ ಮೂಕವಾಗಬಾರದು. ಮಾತಷ್ಟೇ ಅಲ್ಲ, ಚಿತ್ರ, ನಕ್ಷೆ, ರೋಗಿಯ ಎದೆಬಡಿತ ಎಲ್ಲವೂ ಹರಿದು ಹೋಗಬೇಕು. ಹಳೆಯ ರೇಡಿಯೊ ಕಾಲುದಾರಿಯಾದರೆ ಇದು ಬಂಡಿದಾರಿ. ನಾಲ್ಕು ಜನ ಕೂಡಿ ಹಾಡುವ ಮೊದಲು ಶ್ರುತಿ ಸೇರಿಸುವುದಿಲ್ಲವೇ, ಅಂಥದೇ ಕೆಲಸ ಅದು.

ಮೊದಲ ಪರೀಕ್ಷೆಗೆ ಆರಿಸಿದ್ದು ನಮ್ಮ ಕಣಿವೆಯನ್ನೇ. ಇಲ್ಲಿ ಕೈಗೂಡಿದರೆ ಗಡಿಯುದ್ದಕ್ಕೂ ಅದೇ. ಇಲ್ಲಿ ಕೆಟ್ಟರೆ ಮತ್ತೆ ಎರಡು ಶ್ರುತಿ, ಎರಡು ಕಿವುಡು ಪೆಟ್ಟಿಗೆ.

ಪೂರ್ವ ದಡದ ರೇಡಿಯೊ ಕಂಬದ ಹೊಣೆ ಸೈಮಿಯದು. ಪಶ್ಚಿಮದ ಕಂಬ ಹೆನ್ನಿಂಗನದು.

ಕೆಲಸ ನಾಜೂಕಿನದು. ಎರಡು ಕಂಬಗಳೂ ಒಂದೇ ತರಂಗಾಂತರದಲ್ಲಿ ಮಾತಾಡುತ್ತವೆ. ಒಂದು ಜೋರಾದರೆ ಇನ್ನೊಂದರ ದನಿ ಮುಳುಗುತ್ತದೆ. ಕಂಬದ ತುದಿಯ ಆಂಟೆನಾ ತಲೆ ಎತ್ತಿದರೆ ಅಲೆ ದೂರಕ್ಕೆ ಹೋಗುತ್ತದೆ, ತಗ್ಗಿಸಿದರೆ ಹತ್ತಿರದಲ್ಲೇ ಬೀಳುತ್ತದೆ. ಹಾಗಾಗಿ ಆ ತಲೆಯನ್ನು ಎಷ್ಟು ಎತ್ತಬೇಕು, ಎಷ್ಟು ತಗ್ಗಿಸಬೇಕು ಎಂದು ಇಬ್ಬರೂ ಹಿಮಸ್ಕೂಟರಿನಲ್ಲಿ ನದಿಯುದ್ದಕ್ಕೂ ತಿರುಗಿ ಅಳೆದರು. ಚಳಿಗಾಲ ಪೂರ್ತಿ ಅಳೆದರು. ಬೇಗ ಮುಗಿಸಬಹುದಿತ್ತು. ಮುಗಿಸುವ ಅವಸರ ಇಬ್ಬರಿಗೂ ಇರಲಿಲ್ಲ.

'ಇವನ ಕೈಗವಸು ಹರಿದಿದೆ, ಹೊಲಿದು ಕೊಡಲೇ?' ಎಂದುಕೊಳ್ಳುವಳು ಅವಳು. ಕೇಳುತ್ತಿರಲಿಲ್ಲ.

'ಇವಳ ಥರ್ಮಸ್ಸಿನ ಕಾಫಿ ಆರಿದೆ, ನನ್ನದು ಕೊಡಲೇ?' ಎಂದುಕೊಳ್ಳುವನು ಅವನು. ಬಗ್ಗಿಸಿ ಕೊಟ್ಟುಬಿಡುತ್ತಿದ್ದ. ಏನೂ ಹೇಳುತ್ತಿರಲಿಲ್ಲ.

ಮಧ್ಯಾಹ್ನ ಸೈಮಿಯ ಮನೆಯಲ್ಲಿ ಕಾಫಿ. ಅವಳ ತಂದೆ ವಿಲ್ಯಾಮಿ ನದಿಯ ಮೇಲಿನ ಹಿಮದಾರಿಯನ್ನು ಕಾಯುವವರು. ಗಡ್ಡೆಯ ದಪ್ಪ ನೋಡಿ, ದಾರಿಯ ಎರಡೂ ಬದಿಗೆ ಸ್ಪ್ರೂಸ್ ಮರದ ಕೊಂಬೆ ನೆಡುವುದು ಅವರ ಕೆಲಸ. ತಂದೆಯ ಅಕ್ಕ ಹಿಲ್ಯಾ ಒಲೆಯ ಮುಂದೆ. ಗಿಣ್ಣುಹಾಲಿನಲ್ಲಿ ಮಾಡಿ ಸುಟ್ಟ ಚೀಸನ್ನು ತುಂಡು ಮಾಡಿ ಬಿಸಿ ಕಾಫಿಯೊಳಗೆ ಹಾಕಿ ಕೊಡುವಳು.

"ತಿನ್ನಪ್ಪ, ಪಶ್ಚಿಮದೋನೆ," ಎನ್ನುವಳು. "ನಿಮ್ಮ ಕಡೆ ಹಸು ಹಾಲು ಕೊಡಲ್ವಂತೆ, ಬರೀ ನೀತಿಪಾಠ ಕೊಡುತ್ತಂತೆ."

"ಕೊಡುತ್ತೆ ಹಿಲ್ಯಾ ಅತ್ತೆ. ಆದ್ರೆ ಪೂರ್ವದ ಹುಲ್ಲು ತಿಂದ್ರೆ ಮಾತ್ರ."

ಒಂದು ದಿನ ವಿಲ್ಯಾಮಿ ಬಲೆ ಹೆಣೆಯುತ್ತ ಹೇಳಿದರು: "ನಮ್ಮಪ್ಪ ಸೀಕಾ ಮೀನಿಗೆ ಬಲೆ ಹಾಕೋವಾಗ ನಡುನೀರಿಗೆ ಹೋಗ್ತಿರ್ಲಿಲ್ಲ. ನಡುನೀರು ಆಚೆ ದಡದವರದು ಅನ್ನೋರು."

ಹೆನ್ನಿಂಗ್ ಲೋಟ ಕೆಳಗಿಟ್ಟ. "ನಮ್ಮಜ್ಜಿನೂ ಅದನ್ನೇ ಹೇಳೋಳು, ಯಜಮಾನ್ರೇ. ನಡುನೀರು ಆಚೆ ದಡದವರದು ಅಂತ."

"ಹಾಗಾದ್ರೆ ಅಲ್ಲಿನ ಮೀನು ತಿಂದಿದ್ದು ಯಾರು?" ಎಂದಳು ಹಿಲ್ಯಾ ಅತ್ತೆ.

"ಯಾರೂ ಇಲ್ಲ. ಮುದಿಯಾಗಿ ಸತ್ವು," ಎಂದರು ವಿಲ್ಯಾಮಿ.

ಮನೆ ತುಂಬ ನಗು. ಆ ನಗುವಿನಲ್ಲಿ ಒಂದು ಎಚ್ಚರಿಕೆಯಿತ್ತು. ಯಾರಿಗೂ ಕೇಳಿಸಲಿಲ್ಲ.

ನಮ್ಮ ಕಣಿವೆಯ ಜನಕ್ಕೆ ಇನ್ನೊಂದು ಗುಣವಿದೆ. ಬಿಟ್ಟುಕೊಟ್ಟದ್ದನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಅದು ಬಿಟ್ಟುಕೊಟ್ಟಂತಲ್ಲ, ಸಾಲ ಕೊಟ್ಟಂತೆ.

ಅಳತೆ ಮುಗಿದ ಮೇಲೆ, ಬಾಗಿಲ ಮೆಟ್ಟಿಲ ಮೇಲೆ ನಿಂತು ಹೆನ್ನಿಂಗ್ ಕೇಳಿದ: "ಲೂಲಿಯೊ ಪಟ್ಟಣದಲ್ಲಿ ದೊಡ್ಡ ಕೆಲಸ ಇದೆ, ಬಾ ಅಂತಿದಾರೆ. ಗಡ್ಡೆ ಒಡೆದು ನದಿ ಬಿಡೋ ಹೊತ್ತಿಗೆ ಹೇಳ್ಬೇಕಂತೆ. ಹೋಗಲಾ, ಸೈಮಿ?"

ಬೇಡ ಎನ್ನುವ ಮಾತು ಗಂಟಲಿಗೆ ಬಂತು. 'ಅವನ ಬಾಳು, ಅವನ ದಾರಿ... ಅಡ್ಡ ನಿಲ್ಲಲು ನಾನು ಯಾರು?'

"ನಿನ್ನ ಇಷ್ಟ," ಎಂದಳು.

ಅವನು ತಲೆಯಾಡಿಸಿದ. ಟೋಪಿಯನ್ನು ಕಿವಿಯ ಮೇಲೆಳೆದುಕೊಂಡು ಹೊರಟ. ಮೆಟ್ಟಿಲಿನ ಮೇಲೆ ಸೈಮಿ ತುಂಬ ಹೊತ್ತು ನಿಂತಳು. ಚಳಿಯಾಗುತ್ತಿದೆ ಎನ್ನುವುದೂ ತಿಳಿಯಲಿಲ್ಲ.

*

ಪರೀಕ್ಷೆಗೆ ಒಂದು ವಾರವಿತ್ತು. ಸೈಮಿ ಠಾಣೆಯಲ್ಲಿ ಒಬ್ಬಳೇ ಕುಳಿತಿದ್ದಳು.

'ನನ್ನ ಕಂಬ ಗುಡ್ಡದ ಮೇಲಿದೆ. ಅವನದು ತಗ್ಗಿನಲ್ಲಿ. ನನ್ನ ಅಲೆ ಒಂದಿಷ್ಟು ಹೆಚ್ಚಾದರೂ ಅವನ ದನಿ ಮುಳುಗೀತು. ಪರೀಕ್ಷೆಯ ದಿನ ಎಲ್ಲರೆದುರು ಅವನ ಕಡೆಯೇ ಸೋತರೆ?'

ಅವಳು ತನ್ನ ಆಂಟೆನಾದ ತಲೆಯನ್ನು ಒಂದಿಷ್ಟು ತಗ್ಗಿಸಿದಳು. ಇಬ್ಬರೂ ಅಳೆದು ಒಪ್ಪಿದ್ದಕ್ಕಿಂತ ಕೆಳಗೆ. ನಡುನೀರನ್ನು ಹೆನ್ನಿಂಗನ ಕಂಬ ನೋಡಿಕೊಳ್ಳುತ್ತದೆ.

ಯಾರಿಗೂ ಹೇಳಲಿಲ್ಲ. ಅಂಥದನ್ನು ಹೇಳುವುದುಂಟೇ? ಬಾಯಿಂದ ಹೇಳಲಾಗದ ಪ್ರೀತಿಯನ್ನು ಕಂಬದಿಂದ ಹೇಳಿದೆನೆಂದು ಅವಳಿಗೆ ಒಳಗೊಳಗೇ ಹಿತವಾಯಿತು.

ಪರೀಕ್ಷೆಯ ಬೆಳಗು ಬಿಸಿಲು ಚೆನ್ನಾಗಿತ್ತು. ವಿಲ್ಯಾಮಿ ಹೊಸ ಸಾಧನವನ್ನು ಎದೆಗೆ ಸಿಕ್ಕಿಸಿಕೊಂಡು, ನೀರಿಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಹಿಡಿದುಕೊಳ್ಳುವ ಮೊಳೆಗಳ ಜೋಡಿಯನ್ನು ಕುತ್ತಿಗೆಗೆ ನೇತುಹಾಕಿಕೊಂಡರು.

"ಹೊಸದು ಇದೆಯಲ್ಲ ಅಪ್ಪ, ಮೊಳೆ ಯಾಕೆ?"

"ಹೊಸದರ ಮೇಲೆ ನಂಬಿಕೆ ಇದೆ ಮಗಳೇ. ಮೊಳೆ ಮೇಲೆ ಅಭ್ಯಾಸ ಇದೆ."

ಅವರು ಹಿಮಸ್ಕೂಟರ್ ಏರಿ ಪಶ್ಚಿಮ ದಡದ ಕಡೆಗೆ ಹೊರಟರು. ಠಾಣೆಯ ಪರದೆಯ ಮೇಲೆ ಅವರ ಎದೆಯ ಕ್ಯಾಮೆರಾ ಕಂಡದ್ದೆಲ್ಲ ಕಾಣುತ್ತಿತ್ತು. ಬೆಳ್ಳಗಿನ ದಾರಿ. ಬದಿಯಲ್ಲಿ ಒಂದೊಂದಾಗಿ ಹಿಂದೆ ಸರಿಯುವ ಸ್ಪ್ರೂಸ್ ಕೊಂಬೆಗಳು. ಅಪ್ಪ ಗುನುಗುತ್ತಿದ್ದ ಕೀರ್ತನೆ ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು. ಸೈಮಿಯ ಕಣ್ಣು ತುಂಬಿ ಬಂತು. ಅಮ್ಮನ ಕಾಲದಲ್ಲಿ ಇದೊಂದು ಇದ್ದಿದ್ದರೆ...

ಚಿತ್ರ ನಿಂತಿತು.

ಒಂದು ಕೊಂಬೆ ಅರ್ಧ ಸರಿದು ಅಲ್ಲೇ ಉಳಿಯಿತು. ಕೀರ್ತನೆ ಒಂದು ಪದದ ನಡುವೆ ಕಡಿಯಿತು.

'ಈಗ ಹೆನ್ನಿಂಗನ ಕಂಬ ಹಿಡಿಯುತ್ತದೆ,' ಎಂದುಕೊಂಡಳು. ಕಾದಳು. ಮೇಜಿನ ಫೋನು ಹೊಡೆದುಕೊಂಡಿತು. ಆಚೆ ದಡದ ಠಾಣೆಯಿಂದ ಹೆನ್ನಿಂಗ್.

"ಸೈಮಿ, ಯಜಮಾನ್ರು ನಿನ್ನ ಪರದೆ ಮೇಲಿದಾರಲ್ವಾ?"

"ನಿನ್ನ ಪರದೆ ಮೇಲೆ ಇಲ್ವಾ?"

ಸೈಮಿ ಫೋನು ಹಿಡಿದೇ ಕಿಟಕಿಯತ್ತ ತಿರುಗಿದಳು.

ಆಗ ಗಂಟೆ ಕೇಳಿಸಿತು. ಸೈಮಿಯ ಮನೆಯ ಕಣಜದ ಮಾಡಿನ ಮೇಲಿನ ಗಂಜಿಗಂಟೆ. ಹಿಂದೆ ಹೊಲದಲ್ಲಿದ್ದ ಆಳುಗಳನ್ನು ಊಟಕ್ಕೆ ಕರೆಯಲು ಬಾರಿಸುತ್ತಿದ್ದದ್ದು. ಯಾವ ಕಾಲದಿಂದಲೋ ಮೂಕವಾಗಿದ್ದ ಅದು ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿತ್ತು.

ಕಿಟಕಿಯ ಬಳಿ ಕಾಲುಚೀಲ ಹೆಣೆಯುತ್ತ ಕುಳಿತಿದ್ದ ಹಿಲ್ಯಾ ಅತ್ತೆ, ನದಿಯ ನಡುವೆ ತಮ್ಮ ಇದ್ದಕ್ಕಿದ್ದಂತೆ ಕುಳ್ಳಗಾದದ್ದನ್ನು ಕಂಡಿದ್ದಳು.

ಎರಡೂ ದಡದ ಜನ ಮನೆಯಿಂದ ಹೊರಗೆ ಓಡಿ ಬಂದರು. ಪಶ್ಚಿಮದಿಂದ ಹೆನ್ನಿಂಗ್ ಏಣಿಯನ್ನು ಗಡ್ಡೆಯ ಮೇಲೆ ಚಾಚಿ ಹೊಟ್ಟೆಯ ಮೇಲೆ ತೆವಳಿದ. ಪೂರ್ವದವರು ಹಗ್ಗ ಎಸೆದರು. ವಿಲ್ಯಾಮಿ ಮೊಳೆಗಳೆರಡನ್ನೂ ಗಡ್ಡೆಯ ಅಂಚಿಗೆ ಚುಚ್ಚಿ ಜೋತುಬಿದ್ದಿದ್ದರು. ತುಟಿ ನೀಲಿಗಟ್ಟಿತ್ತು.

ಎಳೆದು ಮಲಗಿಸಿದಾಗ ಅವರ ಎದೆಯ ಸಾಧನದಲ್ಲಿ ಕೆಂಪು ದೀಪ ಇನ್ನೂ ಮಿಟುಕುತ್ತಿತ್ತು. ಅಪಾಯದ ಗುಂಡಿ ಒತ್ತಿದ್ದರು. ಗಾಜಿನ ಮೇಲೆ ಒಂದೇ ಮಾತು ಮೂಡಿ ಅಳಿಯುತ್ತಿತ್ತು.

ಹುಡುಕುತ್ತಿದೆ... ಹುಡುಕುತ್ತಿದೆ...

ಸೈಮಿ ಅದನ್ನೇ ನೋಡುತ್ತ ನಿಂತಳು. ಅಳು ಬರಲಿಲ್ಲ. ಅಮ್ಮನನ್ನು ನುಂಗಿದ ಮೌನ ಅದೇ ಜಾಗದಲ್ಲಿ, ಅವಳೇ ಕಾಯುತ್ತಿದ್ದ ಹೊತ್ತಿನಲ್ಲಿ ಮತ್ತೆ ಬಾಯಿ ತೆರೆದಿತ್ತು.

*

ವಿಲ್ಯಾಮಿ ಬದುಕಿದರು. ದೇವರು ದೊಡ್ಡವನು. ಮೈ ಬಿಸಿಯೇರುವವರೆಗೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತೇವೆಂದರು.

ಹೊರಗಿನ ಬೆಂಚಿನ ಮೇಲೆ ಸೈಮಿ ಲ್ಯಾಪ್‌ಟಾಪ್ ತೆರೆದಳು. ಜಂಟಿ ಯೋಜನೆಯಲ್ಲವೇ, ಒಬ್ಬರ ಕಂಬದ ಅಳತೆ ಇನ್ನೊಬ್ಬರ ಪರದೆಯ ಮೇಲೂ ಕಾಣುತ್ತಿತ್ತು. ಹೆನ್ನಿಂಗನ ಕಂಬವನ್ನು ನೋಡಿದಳು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

ಅದರ ಆಂಟೆನಾ ತಲೆ ತಗ್ಗಿಸಿ ನಿಂತಿತ್ತು.

ಹೆನ್ನಿಂಗ್ ಒದ್ದೆ ಬಟ್ಟೆಯಲ್ಲೇ ಎದುರಿಗೆ ಬಂದ. "ಯಜಮಾನ್ರು ಹೇಗಿದಾರೆ?"

"ನಿನ್ನ ಕಂಬದ ತಲೆ ಯಾಕೆ ಕೆಳಗಿದೆ?"

ಅವನು ಒದ್ದೆ ಟೋಪಿಯನ್ನು ತೆಗೆದು ಕೈಯಲ್ಲಿ ಹಿಂಡಿದ.

"ಚಳಿಗಾಲ ಪೂರ್ತಿ ಕೂತು ಅಳೆದ್ವಿ. ಒಪ್ಪಿದ್ದು ಇದನ್ನಲ್ಲ. ನೀನೇ ತಗ್ಗಿಸಿದ್ದಾ?"

"ಹೌದು."

"ನನ್ನನ್ನ ಒಂದ್ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಹೆನ್ನಿಂಗ್ ಅವಳ ಮುಖವನ್ನೇ ನೋಡಿದ. ಅವನೂ ಆಗಷ್ಟೇ ಅವಳ ಕಂಬವನ್ನು ನೋಡಿ ಬಂದಿದ್ದ. ಅದು ಅವಳಿಗೆ ತಿಳಿಯದು.

"ನಮ್ಮಪ್ಪ ಆ ಗುಂಡಿ ಒತ್ತಿದಾಗ ನೀನು ಬೆನ್ನು ತಿರುಗಿಸ್ಕೊಂಡು ನಿಂತಿದ್ದೆ, ಹೆನ್ನಿಂಗ್."

ಆ ಮಾತು ಹೊರಬಿದ್ದ ಕೂಡಲೇ ಸೈಮಿಗೆ ತನ್ನ ಕಂಬದ ನೆನಪಾಯಿತು. 'ನಾನು? ನಾನೇನು ಮಾಡಿದ್ದೆ?' ನಾಲಿಗೆಯ ತುದಿಗೆ ಬಂದ ಸತ್ಯ ಅಲ್ಲಿಂದಲೇ ಹಿಂದಿರುಗಿತು. ಕೋಪದ ಹಿಂದೆ ಅಡಗಿಕೊಳ್ಳುವುದು ಎಷ್ಟು ಸುಲಭ.

"ತಪ್ಪು ನನ್ನದೇ," ಎಂದನವನು ಮೆಲ್ಲಗೆ. "ಯಜಮಾನ್ರಿಗೆ ಹೇಳು. ದೇವರ ಶಾಂತಿ ಇರಲಿ ನಿನಗೆ."

ಅವನ ಬೂಟಿನಿಂದ ತೊಟ್ಟಿಕ್ಕಿದ ನೀರು ಬಾಗಿಲವರೆಗೂ ನೆಲದ ಮೇಲೆ ಉಳಿಯಿತು.

*

ಎರಡೂ ದಡದವರ ಸಭೆ ಪೂರ್ವ ದಡದ ಪ್ರಾರ್ಥನಾ ಮಂದಿರದಲ್ಲಿ ಸೇರಿತು. ಅಷ್ಟು ಜನ ಹಿಡಿಸುವ ಜಾಗ ಬೇರೆ ಇರಲಿಲ್ಲ. ಜಂಟಿ ಸಮಿತಿಯ ಅಧ್ಯಕ್ಷೆ ಬೂದಿಲ್ ಸ್ಟಾಕ್‌ಹೋಮಿನಿಂದ ಬಂದಿದ್ದರು. ಕಂಬಳಿ ಹೊದ್ದ ವಿಲ್ಯಾಮಿ ಮುಂದಿನ ಬೆಂಚಿನಲ್ಲಿ, ಪಕ್ಕದಲ್ಲಿ ಹಿಲ್ಯಾ ಅತ್ತೆ. ಕೊನೆಯ ಬೆಂಚಿನಲ್ಲಿ, ಗೋಡೆಗೆ ಒರಗಿ ಹೆನ್ನಿಂಗ್.

ಸೈಮಿ ಅವನತ್ತ ನೋಡಲಿಲ್ಲ. ನಿದ್ದೆಯಿಲ್ಲದ ಅವಳ ಕಣ್ಣು ಉರಿಯುತ್ತಿತ್ತು.

"ಹೆನ್ನಿಂಗ್ ಅವರು ತಪ್ಪು ಒಪ್ಪಿಕೊಂಡಿದಾರೆ," ಎಂದರು ಬೂದಿಲ್. "ಪಶ್ಚಿಮದ ಆಂಟೆನಾ ತಗ್ಗಿಸಿದ್ದು ತಾವೇ, ಪೂರ್ವದ ಕಂಬ ಸರಿಯಾಗೇ ಇತ್ತು ಅಂತ ಹೇಳಿದಾರೆ. ಹಾಗಾಗಿ ಪೂರ್ವದ ಕಂಬವನ್ನ ನಾವು ಪರೀಕ್ಷೆ ಮಾಡೋಕೆ ಹೋಗ್ಲಿಲ್ಲ."

ಸೈಮಿ ಬೆಚ್ಚಿಬಿದ್ದಳು.

'ಪೂರ್ವದ ಕಂಬ ಸರಿಯಾಗಿತ್ತು...? ಅವನು ನೋಡಿದ್ದಾನೆ. ನೋಡಿಯೂ ಹಾಗೆ ಹೇಳಿದ್ದಾನೆ.'

"ಇಂಥ ಕಡೆ ಒಂದೇ ತರಂಗಾಂತರ ಅನ್ನೋದು ಅಪಾಯ ಅಂತ ಸಮಿತಿಗೆ ಕಾಣ್ತಿದೆ," ಬೂದಿಲ್ ಮುಂದುವರಿಸಿದರು. "ಹಳೇ ಪದ್ಧತಿಗೇ ಹೋಗೋಣ. ಅವರವರ ದಡಕ್ಕೆ ಅವರವರದು."

ಮತ್ತೆ ಎರಡು ಕಿವುಡು ಪೆಟ್ಟಿಗೆ. ಮತ್ತೆ ಕೈಬೀಸುವ ಆಟ. ಮುಂದಿನ ಚಳಿಗಾಲ ಯಾರ ತಾಯಿ, ಯಾರ ಮಗು?

ನಮ್ಮ ಮಂದಿರದಲ್ಲಿ ಒಂದು ರೂಢಿಯಿದೆ. ತಪ್ಪಿದವರು ಎಲ್ಲರೆದುರು ಎದ್ದು ನಿಂತು ಕ್ಷಮೆ ಕೇಳುತ್ತಾರೆ. ಕೇಳಿಸಿಕೊಂಡವರು ಕ್ಷಮಿಸಿದೆವು ಎಂದು ಬಾಯಿಬಿಟ್ಟು ಹೇಳಲೇಬೇಕು. ಮನಸ್ಸಿನಲ್ಲೇ ಕ್ಷಮಿಸಿದರೆ ಸಾಲದು. ಒಲಿದದ್ದನ್ನೂ ಬಿಟ್ಟುಕೊಟ್ಟದ್ದನ್ನೂ ಹೇಳಲಾರದ ನಮ್ಮ ಜನಕ್ಕೆ ದೇವರು ಇದೊಂದನ್ನಾದರೂ ಹೇಳಲು ಕಲಿಸಿದ್ದಾನೆ.

ಸೈಮಿ ಎದ್ದು ನಿಂತಳು.

"ಪೂರ್ವದ ಕಂಬ ಸರಿ ಇರ್ಲಿಲ್ಲ," ಎಂದಳು. "ನಾನೂ ತಗ್ಗಿಸಿದ್ದೆ."

ಬೂದಿಲ್ ಕೈಯ ಪೆನ್ನು ಮೇಜಿನ ಮೇಲೆ ಉರುಳಿತು. ಅದರ ಸದ್ದು ಮಂದಿರಕ್ಕೆಲ್ಲ ಕೇಳಿಸಿತು.

"ಅವನ ದನಿ ಮುಳುಗಬಾರದು ಅಂತ ತಗ್ಗಿಸಿದೆ. ನಡುವಿನದನ್ನ ಅವನ ಕಂಬ ನೋಡ್ಕೊಳ್ಳುತ್ತೆ ಅಂದ್ಕೊಂಡೆ. ಅವನಿಗೆ ಹೇಳ್ಲಿಲ್ಲ. ಆಮೇಲೆ ಎಲ್ಲಾನೂ ಅವನ ತಲೆ ಮೇಲೆ ಹಾಕಿದೆ." ಅವಳು ಮುಂದಿನ ಬೆಂಚಿನತ್ತ ತಿರುಗಿದಳು. "ಅಪ್ಪ... ನೀವು ನೀರಲ್ಲಿದ್ದಾಗ ನಾನೂ ಬೆನ್ನು ತಿರುಗಿಸಿದ್ದೆ. ನನ್ನನ್ನ ಕ್ಷಮಿಸ್ತೀರಾ?"

ವಿಲ್ಯಾಮಿ ಕಂಬಳಿ ಸಮೇತ ಎದ್ದು ಬಂದು ಮಗಳ ಕುತ್ತಿಗೆಗೆ ತೋಳು ಹಾಕಿದರು. "ಕ್ಷಮಿಸಿದೆ ಮಗಳೇ. ನಂಬು."

ಹಾಗೇ ಹಿಡಿದುಕೊಂಡು ಕೊನೆಯ ಬೆಂಚಿನತ್ತ ತಿರುಗಿದರು. "ಹೆನ್ನಿಂಗ್, ನೀನು ಯಾಕಪ್ಪ ತಗ್ಗಿಸಿದ್ದು?"

ಹೆನ್ನಿಂಗ್ ನಿಧಾನವಾಗಿ ಎದ್ದ. ಮುಖ ಕೆಂಪಾಗಿತ್ತು.

"ನಡುವಿನ ಹಿಮದಾರಿ ಕಾಯೋದು ನೀವು, ಯಜಮಾನ್ರೇ. ಅಲ್ಲಿ ಸೈಮಿ ದನಿನೇ ನಿಮಗೆ ಚೆನ್ನಾಗಿ ಕೇಳ್ಲಿ ಅಂತ..."

"ಅವಳಿಗೆ ಹೇಳಿದ್ಯಾ?"

"ಅಂಥದ್ದನ್ನ ಹೇಗೆ ಹೇಳೋದು?"

ವಿಲ್ಯಾಮಿ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಎಲ್ಲರೂ ಹೆದರಿದರು. ನಗುತ್ತಿದ್ದರು.

"ನಡುನೀರು ಆಚೆ ದಡದವರದು," ಎಂದರು. "ಮೀನಿಗೆ ಒಳ್ಳೇದಾಗಿತ್ತು. ನಾನು ಮೀನಲ್ಲವಲ್ಲ, ಏನ್ಮಾಡೋದು."

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಬೂದಿಲ್‌ಗೆ ಒಂದೂ ಅರ್ಥವಾಗಲಿಲ್ಲ. ಹಿಲ್ಯಾ ಅತ್ತೆ ಅವರ ತೋಳು ಹಿಡಿದು ಹೇಳಿದಳು: "ತಾಯಿ, ನಿಮ್ಮ ತರಂಗಕ್ಕೆ ಏನೂ ರೋಗ ಇಲ್ಲ. ಈ ಎರಡು ಮಕ್ಕಳ ಬಾಯಿಗೆ ರೋಗ. ಒಬ್ಬರಿಗೊಬ್ಬರು ದಾರಿ ಬಿಟ್ಟು ಬಿಟ್ಟು ನನ್ನ ತಮ್ಮನನ್ನ ನೀರಿಗೆ ಹಾಕಿದ್ರು."

ಬೂದಿಲ್ ಉರುಳಿದ್ದ ಪೆನ್ನನ್ನು ಎತ್ತಿಕೊಂಡರು.

"ಇಬ್ಬರೂ ಒಪ್ಪಿದಷ್ಟೇ ತಲೆ ಎತ್ತಿದ್ರೆ?"

"ನಡುವೆ ಎರಡೂ ಕೇಳುತ್ತೆ," ಎಂದಳು ಸೈಮಿ. "ಯಾವುದು ಹತ್ತಿರ ಇರುತ್ತೋ ಅದನ್ನ ಸಾಧನ ಹಿಡ್ಕೊಳ್ಳುತ್ತೆ. ನಾವು ಅಳೆದಿದ್ದು ಸರಿಯಾಗೇ ಇತ್ತು."

"ಹಾಗಾದ್ರೆ ನದಿ ಬಿಟ್ಟ ಮೇಲೆ ಇನ್ನೊಂದ್ಸಲ ನೋಡೋಣ. ದೋಣಿಯಲ್ಲಿ. ಇನ್ನು ಒಬ್ಬರಿಗೊಬ್ಬರು ಹೇಳದೆ ಕಂಬ ಮುಟ್ಟೋ ಹಾಗಿಲ್ಲ."

ಜನ ಕಾಫಿಗೆ ಎದ್ದರು. ಸೈಮಿ ಬೆಂಚುಗಳ ನಡುವೆ ನಡೆದು ಹೆನ್ನಿಂಗನ ಮುಂದೆ ನಿಂತಳು.

"ನಿನ್ನನ್ನೂ ಕೇಳ್ಬೇಕು. ಕ್ಷಮಿಸ್ತೀಯಾ?"

"ಕ್ಷಮಿಸಿದೆ. ನಂಬು." ಎಂದನವನು. "ನನ್ನನ್ನ?"

"ಕ್ಷಮಿಸಿದೆ... ನಂಬು."

ಅದಕ್ಕಿಂತ ಹೆಚ್ಚು ಮಾತು ಇಬ್ಬರಿಂದಲೂ ಹೊರಡಲಿಲ್ಲ. ಲೂಲಿಯೊ ಕೆಲಸದ ಮಾತು ಅವರಿಬ್ಬರ ನಡುವೆ ಗಡ್ಡೆಯ ಕೆಳಗಿನ ನೀರಿನಂತೆ ಹರಿಯುತ್ತಲೇ ಇತ್ತು.

*

ವಸಂತದಲ್ಲಿ ನದಿ ಬಿಟ್ಟಿತು. ಗುಡುಗಿನಂಥ ಸದ್ದು ಮಾಡುತ್ತ ಗಡ್ಡೆಗಳು ಸಮುದ್ರದ ಕಡೆಗೆ ಹೋದವು. ನೀರು ತಿಳಿಯಾದ ಮೇಲೆ ಒಂದು ಮಧ್ಯಾಹ್ನ ಎರಡು ದಡದಿಂದ ಎರಡು ದೋಣಿ ಹೊರಟವು. ಪೂರ್ವದ ದೋಣಿಯಲ್ಲಿ ಸೈಮಿ ಒಬ್ಬಳೇ. ಪಶ್ಚಿಮದ ದೋಣಿಯಲ್ಲಿ ಹೆನ್ನಿಂಗ್ ಒಬ್ಬನೇ. ದಡದಲ್ಲಿ ಊರಿಗೆ ಊರೇ. ಬೂದಿಲ್ ಪೂರ್ವ ದಡದ ಪರದೆಯ ಮುಂದೆ. ಪಕ್ಕದಲ್ಲಿ ವಿಲ್ಯಾಮಿ, ಕುತ್ತಿಗೆಯಲ್ಲಿ ಮೊಳೆಗಳ ಸಮೇತ.

ಸೈಮಿ ಹುಟ್ಟು ಹಾಕುತ್ತ ಹಾಕುತ್ತ ನಡುನೀರಿಗೆ ಹತ್ತಿರವಾದಳು. ಚಿತ್ರ ನಿಂತ ಜಾಗ. ಅಮ್ಮನ ಜಾಗ. ಹುಟ್ಟನ್ನು ದೋಣಿಯೊಳಗೆ ಇಟ್ಟಳು. ಸಾಧನದ ಗುಂಡಿ ಒತ್ತಿದಳು.

"ಪೂರ್ವ ದಡ ಮಾತಾಡ್ತಿದೆ. ಕೇಳಿಸ್ತಿದೆಯಾ?"

ಒಂದು ಕ್ಷಣ ಏನೂ ಇಲ್ಲ.

"ಕೇಳಿಸ್ತಿದೆ," ಎಂದ ಹೆನ್ನಿಂಗ್. ಗಾಜಿನ ಮೇಲೆ ಅವನ ಮುಖ ಮೂಡಿತು. ಹುಬ್ಬಿನ ಮೇಲೆ ಈಗ ಹಿಮವಿರಲಿಲ್ಲ, ಬಿಸಿಲಿತ್ತು. "ಕಾಣಿಸ್ತಲೂ ಇದೀಯ. ಅಳ್ತಿದೀಯಾ?"

"ಇಲ್ಲ. ನೀರು ಹಾರ್ತಿದೆ."

"ನಮಗೂ ಕೇಳಿಸ್ತಿದೆ," ವಿಲ್ಯಾಮಿಯ ದನಿ ನಡುವೆ ನುಗ್ಗಿತು. ಅದರ ಹಿಂದೆಯೇ ಹಿಲ್ಯಾ ಅತ್ತೆ: "ಗಂಟೆ ಬಾರಿಸ್ಬೇಕಾ ಬೇಡವಾ ಹೇಳ್ರೋ, ನನ್ನ ಕಾಲು ನೋಯ್ತಿದೆ."

"ಬೇಡ ಅತ್ತೆ," ಎಂದರು ಇಬ್ಬರೂ ಒಟ್ಟಿಗೆ.

ದಡದಲ್ಲಿ ಬೂದಿಲ್ ಎದ್ದು ನಿಂತದ್ದು ಕಂಡಿತು. ಎರಡೂ ಕೈ ಮೇಲೆತ್ತಿದರು. ಆಯಿತು. ನದಿಗೆ ಒಂದೇ ಶ್ರುತಿ ಸೇರಿತು. ಸೈಮಿ ನೀರನ್ನು ನೋಡಿದಳು. 'ಅಮ್ಮ, ಇನ್ನು ಕೇಳುತ್ತದೆ,' ಎಂದುಕೊಂಡಳು.

ಎರಡು ದೋಣಿಗಳು ಮೂಗಿಗೆ ಮೂಗು ತಾಗಿಸಿ ನಿಂತವು. ಹೆನ್ನಿಂಗ್ ಎದೆಯ ಮೇಲಿನ ಸಾಧನವನ್ನು ಆರಿಸಿದ. ಸೈಮಿಯೂ ಆರಿಸಿದಳು. ಇದ್ದಕ್ಕಿದ್ದಂತೆ ಬರಿಯ ನೀರಿನ ಸದ್ದು.

"ನದಿ ಬಿಟ್ಟಾಯ್ತು," ಎಂದನವನು. "ಲೂಲಿಯೊದವರಿಗೆ ಇವತ್ತು ಉತ್ತರ ಹೇಳ್ಬೇಕು. ಹೋಗಲಾ, ಸೈಮಿ?"

'ನಿನ್ನ ಇಷ್ಟ' ಎನ್ನುವ ಮಾತು ಅಭ್ಯಾಸದಂತೆ ತುಟಿಗೆ ಬಂತು. ಅವಳು ಅದನ್ನು ನುಂಗಿದಳು. ಕೈ ಚಾಚಿ ಅವನ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ. ಹೋಗ್ಬೇಡ."

ಹೆನ್ನಿಂಗ್ ದಂಗಾಗಿ ಕುಳಿತ. ಹುಟ್ಟು ಕೈಯಿಂದ ಜಾರಿ ದೋಣಿಯೊಳಗೆ ಬಿತ್ತು.

"ಅವತ್ತು 'ನಿನ್ನ ಇಷ್ಟ' ಅಂದಿದ್ಯಲ್ಲ ನೀನು."

"ಸುಳ್ಳು ಹೇಳಿದ್ದೆ. ನನಗೂ ಒಂದು ಇಷ್ಟ ಇತ್ತು. ನೀನು ಬೆಲ್ಟ್ ಹಿಡಿದು ಎಳೆದ ದಿನದಿಂದ ಇತ್ತು."

ಅವನ ಕೈ ಅವಳ ಕೈಯ ಮೇಲೆ ಬಂದು ಕೂತಿತು.

"ನನಗೆ ಅದಕ್ಕೂ ಸ್ವಲ್ಪ ಮೊದಲಿಂದ," ಎಂದ. "ಗಂಟಲು ಹರಿಯೋ ಹಾಗೆ ಕರೀತಾ ಓಡಿ ಬರ್ತಿದ್ನಲ್ಲ, ಆಗಿಂದ."

"ಹೇಳ್ಬಾರ್ದಾಗಿತ್ತಾ?"

"ನಡುನೀರು ನಿನಗೆ ಬಿಟ್ಟಿದ್ದೆ."

"ಇನ್ನು ಬಿಡ್ಬೇಡ. ನಾನೂ ಬಿಡಲ್ಲ."

"ಇಬ್ಬರೂ ಬಿಟ್ಟುಕೊಡದಿದ್ರೆ ಜಗಳ ಆಗುತ್ತಲ್ಲ, ಸೈಮಿ?"

"ಆಗ್ಲಿ," ಎಂದಳು ಅವಳು, ಅವನ ಬೆರಳುಗಳನ್ನು ತನ್ನ ಬೆರಳುಗಳೊಳಗೆ ಸೇರಿಸಿಕೊಳ್ಳುತ್ತ. "ನೀನು ಕೇಳಿಸ್ತಾ ಇರ್ತೀಯಲ್ಲ."